ಗೋಡೆಯ ಮಗ್ಗುಲಿನ ಹಾಲು

ಸಾಂಗ್ಲಿವಾಡಿಯ ಬಾಳಪ್ಪನ ದನದ ಮನೆಯಲ್ಲಿ ಕಸ್ತೂರಿ ಎಂಬ ಎಮ್ಮೆಗೂ ಗೋಡೆಗೂ ನಡುವೆ ಒಂದೂವರೆ ಮೊಳದ ಸಂದಿಯಿತ್ತು. ಆ ಸಂದಿಯಲ್ಲಿ ಬಾಳಪ್ಪನ ಹೆಂಡತಿ ಕೃಷ್ಣವ್ವ ದಿನಕ್ಕೆರಡು ಸಲದಂತೆ ಎಂಟು ವರ್ಷ ಕೂತಿದ್ದಳು. ಬೆನ್ನಿಗೆ ಗೋಡೆ, ಮೂಗಿಗೆ ಎಮ್ಮೆಯ ಹೊಟ್ಟೆ. ಕಸ್ತೂರಿ ಸ್ವಲ್ಪ ಮೈ ಒರಗಿಸಿದರೂ ಸಾಕು, ಬಡಿದ ಸೆಗಣಿ ಕುಳ್ಳಿನಂತೆ ಗೋಡೆಗೆ ಅಂಟಿಕೊಳ್ಳಬೇಕು. ಈಚೆ ಮಗ್ಗುಲಲ್ಲಿ ಮೂರು ಮಂದಿ ಕೂತು ಎಲೆಅಡಿಕೆ ಹಾಕುವಷ್ಟು ಜಾಗ ಬಿದ್ದಿರುವಾಗ ಈ ಹೆಂಗಸು ಆ ಸಂದಿಯಲ್ಲೇಕೆ ತುರುಕಿಕೊಳ್ಳುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ನೋಡಿದ್ದರೆ ತಾನೆ ಕೇಳುವುದು? ಹಿಂಡುವ ಹೊತ್ತಿಗೆ ಅವಳು ಒಳಗಿನಿಂದ ಅಗಳಿ ಹಾಕುತ್ತಿದ್ದಳು. ಕಂಡವರ ಕಣ್ಣು ಬಿದ್ದರೆ ಕಸ್ತೂರಿಗೆ ದೃಷ್ಟಿಯಾಗುತ್ತದೆ ಎಂದು ಹೇಳಿದ್ದಳು, ಮನೆಯವರು ನಂಬಿದ್ದರು.

ನಿಜ ಸಂಗತಿ ಇಷ್ಟೆ: ಕೃಷ್ಣವ್ವ ಎಡಚಿ. ಏಳು ವರ್ಷದ ಹುಡುಗಿಯಾಗಿದ್ದಾಗ ಎಡಗೈಯಿಂದ ರೊಟ್ಟಿ ಮುರಿದಳೆಂದು ಅವಳ ತಾಯಿ ಸಂಗವ್ವ ದಬ್ಬಣ ಕಾಯಿಸಿ ಆ ಕೈಯ ಹೆಬ್ಬೆರಳ ಬುಡಕ್ಕೆ ಬರೆ ಎಳೆದಿದ್ದಳು. "ಎಡಗೈಲೆ ಉಣ್ಣಾಕಿನ್ನ ಯಾರ ಮನಿ ತುಂಬಿಸ್ಕೋತಾರ?" ಎನ್ನುತ್ತ ತಾನೂ ಅತ್ತಿದ್ದಳು. ಬರೆ ಉಳಿಯಿತು. ಕೈ ಮಾತ್ರ ಬುದ್ಧಿ ಕಲಿಯಲಿಲ್ಲ, ಅಡಗಿ ಕೂಡ್ರುವುದನ್ನಷ್ಟೇ ಕಲಿಯಿತು. ಗಂಡನ ಮನೆಯಲ್ಲಿ ಕೃಷ್ಣವ್ವ ಎಲ್ಲವನ್ನೂ ಬಲಗೈಯಿಂದ ಮಾಡಿದಳು, ಎಲ್ಲವೂ ಸೊಟ್ಟಗಾಯಿತು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. "ನಮ್ಮ ಸೊಸಿ ಬಡದ ರೊಟ್ಟಿಗೆ ಮೂಲಿ ಇರತಾವ" ಎಂದು ಅತ್ತೆ ಸರುಬಾಯಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಸುಳ್ಳೇನೂ ಹೇಳುತ್ತಿರಲಿಲ್ಲ ಅನ್ನಿ.

ಆಮೇಲೆ ಕಸ್ತೂರಿ ಬಂತು. ಪಂಢರಪುರದ ಕಡೆಯ ತಳಿ, ಬೆನ್ನಿನವರೆಗೆ ಚಾಚಿದ ಕೋಡು, ಮೂಗಿನ ತುದಿಯಲ್ಲಿ ಸಿಟ್ಟು. ಚೊಚ್ಚಲು ಈದಾಗ ಯಾರಿಗೂ ಕೆಚ್ಚಲು ಮುಟ್ಟಗೊಡಲಿಲ್ಲ. ಬಾಳಪ್ಪ ಸೋತ, ಸರುಬಾಯಿ ಸೋತಳು, ಓಣಿಯ ಘಟಾನುಘಟಿಗಳೆಲ್ಲ ಒದೆ ತಿಂದು ಹೋದರು. ಕಡೆಗೆ ಕೃಷ್ಣವ್ವ ಕದ ಹಾಕಿಕೊಂಡು, ಯಾರೂ ನೋಡುವವರಿಲ್ಲವೆಂಬ ಧೈರ್ಯದಲ್ಲಿ ತನ್ನ ಕೈಗೆ ಒಗ್ಗುವ ಗೋಡೆಯ ಮಗ್ಗುಲಿಗೆ ಕೂತು ಎಡಗೈ ಚಾಚಿದಳು. ಆ ಕಡೆಯಿಂದ ಯಾರೂ ಕಸ್ತೂರಿಯನ್ನು ಹೆದರಿಸಿರಲಿಲ್ಲ. ಎಮ್ಮೆ ತೊರೆ ಬಿಟ್ಟಿತು, ಚರಿಗೆ ತುಂಬಿ ನೊರೆ ಉಕ್ಕಿತು. ಅಂದಿನಿಂದ ಕೃಷ್ಣವ್ವನ ಕೈಗುಣ ಊರ ಮಾತಾಯಿತು. ಮೂಲೆ ರೊಟ್ಟಿಯ ಸೊಸೆಗೆ ಮೊದಲ ಸಲ ಮನೆಯಲ್ಲಿ ಬೆಲೆ ಬಂತು. ಹಿಂಡಿದ ಮೊದಲ ಚರಿಗೆ ಮಠಕ್ಕೆ, ಸ್ವಾಮಿಗಳ ಪೂಜೆಗೆ ಹೋಗುತ್ತಿತ್ತು. ಅದು ಎಡಗೈ ಹಾಲೆಂದು ಹೇಳುವುದುಂಟೇ? ಬಾಯಿ ಬಿಟ್ಟರೆ ಬಣ್ಣಗೇಡು.

ಮಾನ ತಂದ ಎಮ್ಮೆಯೇ ಕೊರಳ ಹಗ್ಗವೂ ಆಯಿತು. ಬೇರೆ ಯಾರು ಈಚೆ ಮಗ್ಗುಲಿಗೆ ಕೂತರೂ ಕಸ್ತೂರಿ ಒದೆಯುತ್ತಿತ್ತು. ಒಮ್ಮೆ ಕೃಷ್ಣವ್ವನಿಗೆ ಜ್ವರ ಬಂದಾಗ ಸರುಬಾಯಿ ಸೊಸೆಯದೇ ಸೀರೆ ಉಟ್ಟು ಕೂತಿದ್ದಳು. ಆ ದಿನ ಡೊಂಕಾದ ತಂಬಿಗೆ ಇನ್ನೂ ಅಟ್ಟದ ಮೇಲಿದೆ. ಹೀಗಾಗಿ ಕಸ್ತೂರಿ ಬತ್ತಿದಾಗಷ್ಟೇ ಕೃಷ್ಣವ್ವ ತವರು ಕಾಣಬೇಕು. ತವರಿನ ಲಗ್ನ, ಬಾಣಂತನ, ಸಾವುಗಳೇನು ಎಮ್ಮೆ ಬತ್ತುವ ದಿನ ಕೇಳಿಕೊಂಡು ಬರುತ್ತವೆಯೇ? ತಂದೆ ತೀರಿಕೊಂಡಾಗ ಕಸ್ತೂರಿ ಈದು ಇಪ್ಪತ್ತು ದಿನವಾಗಿತ್ತು. ನಸುಕಿನಲ್ಲಿ ಹಿಂಡಿ, ರೈಲು ಹತ್ತಿ ಕುಡಚಿಗೆ ಹೋಗಿ, ಮಣ್ಣು ಕೊಟ್ಟು, ಸಂಜೆ ಹಿಂಡುವ ಹೊತ್ತಿಗೆ ತಿರುಗಿ ಬಂದಿದ್ದಳು. ಅವ್ವನನ್ನು ಅಪ್ಪಿಕೊಂಡು ಅಳುವುದಕ್ಕೂ ಅವತ್ತು ಹೊತ್ತು ಸಿಕ್ಕಿರಲಿಲ್ಲ.

ಇನ್ನೊಂದು ಸಂಕಟವೂ ಇತ್ತು. ಅವಳ ಹನ್ನೊಂದು ವರ್ಷದ ಮಗಳು ತಂಗೆವ್ವನಿಗೂ ಅದೇ ಕೈ. "ನಮ್ಮ ವಂಶದಾಗ ಇಂಥಾದ್ದಿಲ್ಲವ್ವಾ, ಎಲ್ಲಿಂದ ಬಂತೋ!" ಎನ್ನುತ್ತ ಸರುಬಾಯಿ ಊಟಕ್ಕೆ ಕೂತಾಗ ಮೊಮ್ಮಗಳ ಎಡಗೈಯನ್ನು ಅರಿವೆಯಿಂದ ನಡುವಿಗೆ ಕಟ್ಟುತ್ತಿದ್ದಳು. "ಇನ್ನೊಮ್ಮೆ ಈ ಕೈ ಮುಂದ ಬಂದಿದ್ದ ಕಂಡ್ರ ದಬ್ಬಣ ಕಾಸತೇನಿ ನೋಡು." ಕೃಷ್ಣವ್ವ ಆಗ ನೆಲ ನೋಡುತ್ತಿದ್ದಳು. ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ಸಲ ತಾನೇ ಮಗಳ ಆ ಕೈಗೆ ಹೊಡೆದಿದ್ದಳು.

ಆ ವರ್ಷ ಸಾಂಗ್ಲಿ ಸಂಸ್ಥಾನದ ಶೇತಕಿ ಪ್ರದರ್ಶನ, ಅಂದರೆ ಒಕ್ಕಲುತನದ ಪ್ರದರ್ಶನ, ವಿಶ್ರಾಮಬಾಗದ ಬಯಲಿನಲ್ಲಿ ನೆರೆಯುವುದಿತ್ತು. ಅದಕ್ಕೆ ಎರಡು ದಿನ ಮೊದಲು, ರವಿವಾರ ಸಂಜೆ, ಕೃಷ್ಣವ್ವನ ಅಣ್ಣ ಕಾಡಪ್ಪ ಮಿರಜದಿಂದ ನಡೆದುಕೊಂಡು ಬಂದ. ತಾಯಿಯ ಎರಡೂ ಕಣ್ಣಿಗೆ ಪರೆ ಬಂದಿತ್ತು, ಮಿರಜದ ದೊಡ್ಡ ದವಾಖಾನೆಗೆ ತಂದು ಹಾಕಿದ್ದ.

"ಬುಧವಾರ ಮುಂಜಾನೆ ಆಪರೇಶನ್ ಐತಿ, ತಂಗಿ. ಆಮ್ಯಾಲೆ ಎಂಟ ದಿನ ಕಣ್ಣ ಕಟ್ಟಿರತಾರ. ತಲಿ ಅಳ್ಳಾಡಸಬಾರದು. ಅಳ್ಳಾಡಸಿದ್ರ ಕಣ್ಣ ಹೋದಂಗ ಅಂದಾರ. ಹೆಂಗಸರ ವಾರ್ಡಿನಾಗ ರಾತ್ರಿ ನನಗ ಇರಾಕ ಬಿಡಂಗಿಲ್ಲ. ಬಾಜೂಕ ಹೆಣ್ಮಗಳೊಬ್ಬಾಕಿ ಬೇಕು. ಅವ್ವ ಒಂದ ಸವನ ನಿನ್ನ ಹೆಸರ ತಗೀಲಿಕ್ಕತ್ಯಾಳ."

ಸರುಬಾಯಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಸಂಜೆಯ ಪೂಜೆಗೆ ಕೂತಿದ್ದಳು. ಕಣ್ಣು ತೆರೆಯದೆಯೇ ಉತ್ತರ ಕೊಟ್ಟಳು. "ಹೋಗಬ್ಯಾಡ ಅಂತ ಯಾರಂದಾರು? ಕಸ್ತೂರಿನ್ನ ಯಾರ ಹಿಂಡತಾರ ಅಷ್ಟ ಹೇಳಿ ಹೋಗಲಿ. ಮೂರ ದಿನ ಹಿಂಡಲಿಲ್ಲಂದ್ರ ಕೆಚ್ಚಲ ಕಲ್ಲ ಆಕ್ಕೇತಿ. ಆ ಮೂಕಪ್ರಾಣಿ ಪಾಪ ಯಾರಿಗೆ?"

ಬಾಳಪ್ಪ ಕೆಟ್ಟವನಲ್ಲ. ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ, ತಲೆ ಕೆರೆದುಕೊಂಡ. ಪ್ರದರ್ಶನದಲ್ಲಿ ಹುಡುಗರಿಗೆ ದನದ ಆರೈಕೆ ಕಲಿಸುವ ಹೊಸ ವರ್ಗವೊಂದಿತ್ತು. ಬಾಯಿಪಾಠವಲ್ಲ, ಕೈಯಿಂದಲೇ ಮಾಡಿ ಕಲಿಯಬೇಕು. ಅದಕ್ಕೆ ಕಸ್ತೂರಿಯನ್ನೂ, ಹಿಂಡಿ ತೋರಿಸಲು ಕೃಷ್ಣವ್ವನನ್ನೂ ತರುತ್ತೇನೆಂದು ಅವನು ಜಂಬದಿಂದ ಆಗಲೇ ಹೆಸರು ಬರೆಸಿಬಿಟ್ಟಿದ್ದ. ತಂಗೆವ್ವನೂ ಆ ವರ್ಗದಲ್ಲಿದ್ದಳು.

"ಹಿಂಗ ಮಾಡೂಣು" ಎಂದ ಬಾಳಪ್ಪ. "ಮಂಗಳವಾರ, ಬುಧವಾರ ವರ್ಗ ಐತಿ. ದನದ ಡಾಕ್ಟರರು ಭಾರೀ ಶಾಣ್ಯಾ ಅದಾರಂತ. ನಿನ್ನ ಬಿಟ್ಟ ಯಾರರ ಒಬ್ಬರ ಕೈಗೆ ಕಸ್ತೂರಿ ಹಾಲ ಕೊಡ್ಲಿ, ಅವತ್ತ ನಾನ ನಿನ್ನ ಟಾಂಗಾ ಹತ್ತಸತೇನಿ."

ಸರುಬಾಯಿ ಹೂಂ ಎಂದಳು. ಆಗದ ಮಾತಿಗೆ ಹೂಂ ಎನ್ನಲು ಖರ್ಚೇನು?

ಕೃಷ್ಣವ್ವನಿಗೆ ಮಾತ್ರ ಬೇರೆಯೇ ಚಿಂತೆ. ವಿಶ್ರಾಮಬಾಗದ ಬಯಲಿನಲ್ಲಿ ಅಗಳಿ ಹಾಕಲು ಕದ ಎಲ್ಲಿಂದ ತರುವುದು?

ಮಂಗಳವಾರ ನಸುಕಿನಲ್ಲಿ ಮನೆಯಲ್ಲೇ ಹಿಂಡಿ, ಕಸ್ತೂರಿಯನ್ನು ಸೇತುವೆ ದಾಟಿಸಿ ಹೊಡೆದುಕೊಂಡು ಹೋದರು. ದನದ ಡಾಕ್ಟರ್ ಜಯಕುಮಾರರು ಎಳೆಯ ವಯಸ್ಸಿನವರು, ಜೈನರ ಪೈಕಿ. ಹುಡುಗರಿಗೆ ಮರಾಠಿಯಲ್ಲಿ ಪಾಠ ಹೇಳಿ, ದೊಡ್ಡವರು ಸಿಕ್ಕರೆ ಮನೆಯ ಕನ್ನಡಕ್ಕೆ ಹೊರಳುತ್ತಿದ್ದರು. ಹದಿನೈದು ಮಕ್ಕಳು ಕೈಯೆಲ್ಲ ಜೊಲ್ಲು ಮಾಡಿಕೊಂಡು ಎತ್ತಿನ ಹಲ್ಲು ಎಣಿಸಿದರು, ಕರುವಿನ ಗೊರಸು ಎತ್ತಿ ಕೆಸರು ಕೆದರಿದರು. ಸಾಂಗ್ಲಿಯ ಅರಿಷಿಣ ವ್ಯಾಪಾರಿಯ ಮಗನೊಬ್ಬ, ಹಾಲು ಮೊಲೆಯಿಂದ ಬರುತ್ತದೆಯೋ ಕೆಚ್ಚಲಿನಿಂದಲೋ ಎಂದು ಕೇಳಿ ಎಲ್ಲರನ್ನೂ ನಗಿಸಿದ. ಸಂಜೆಗೆ ಕಸ್ತೂರಿಯ ಸರದಿ ಬಂತು.

"ಬಾಯಾರ, ನೀವು ಕುಂತು ತೋರಸ್ರಿ" ಎಂದರು ಡಾಕ್ಟರರು.

ಸುತ್ತ ಮಕ್ಕಳು, ಅವರ ಹಿಂದೆ ಐವತ್ತು ಮಂದಿ. ಎಲ್ಲರೂ ನಿಂತದ್ದು ಊರಮಂದಿ ಹಿಂಡಲು ಕೂಡ್ರುವ ಮಗ್ಗುಲಿಗೆ. ಆಚೆ ಮಗ್ಗುಲಲ್ಲಿ ಬರೀ ಬಯಲು. ಅಲ್ಲಿ ಹೋಗಿ ಕೂತರೆ ಐವತ್ತು ಬಾಯಿ ಒಮ್ಮೆಲೇ ಕೇಳುತ್ತವೆ, ಅಲ್ಯಾಕ ಎಂದು. ಕೃಷ್ಣವ್ವ ದೇವರನ್ನು ನೆನೆದು ಈಚೆ ಮಗ್ಗುಲಿಗೇ ಕೂತು ಬಲಗೈ ಚಾಚಿದಳು. ಎಂಟು ವರ್ಷದ ಗೆಣತಿ ತನ್ನನ್ನು ಒಂದು ಸಲವಾದರೂ ನಡೆಸಿಕೊಟ್ಟಾಳೆಂದು ಆಸೆಪಟ್ಟಳು. ಕಸ್ತೂರಿಗೆ ಗೆಣೆತನ ಗೊತ್ತಿರಲಿಲ್ಲ, ಮಗ್ಗುಲು ಗೊತ್ತಿತ್ತು. ಒದ್ದ ಒದೆತಕ್ಕೆ ಚರಿಗೆ ಹಾರಿತು, ಕೃಷ್ಣವ್ವನ ಬಲ ಮುಂಗೈ ಗೂಟಕ್ಕೆ ಬಡಿಯಿತು. ಮಂದಿ ಹೋ ಎಂದಿತು. "ಇದೇನ ಕೈಗುಣಾರೀ!" ಎಂದನೊಬ್ಬ. ಬಾಳಪ್ಪನ ಮುಖ ಕಪ್ಪಿಟ್ಟಿತು.

"ದೃಷ್ಟಿ ಆಗೇತಿ. ಗೋಣಿತಟ್ಟ ಕಟ್ಟಸ್ರಿ" ಎಂದು ಅವಳು ಅಂಗಲಾಚಿದಳು. ನಾಲ್ಕು ಕೋಲು ನೆಟ್ಟು ಗೋಣಿತಟ್ಟು ಕಟ್ಟಿದರು. ಅದರ ಮರೆಯಲ್ಲಿ ಆಚೆ ಮಗ್ಗುಲಿಗೆ ಕೂತು, ಊದಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಎಡಗೈಯಿಂದ ಹಿಂಡುವಾಗ ಕಣ್ಣೀರು ತಾನಾಗಿ ಇಳಿಯಿತು. ಹೊರಗೆ ಡಾಕ್ಟರರು ಹೇಳುತ್ತಿದ್ದರು: "ಇವತ್ತಿಗೆ ಆತು. ನಾಳೆ ಈ ಪರದೆ ನಡಿಯಂಗಿಲ್ಲರಿ. ನೋಡಲಾರದ ಹುಡುಗರು ಕಲಿಯೂದು ಹೆಂಗ?"

ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ದಾರಿ ಕಣ್ಣೆದುರಿಗೇ ಇತ್ತು. ಆಚೆ ಮಗ್ಗುಲಿಗೆ ಕುಂದ್ರಿ ಎಂದು ಮಕ್ಕಳಿಗೆ ಒಂದು ಮಾತು ಅಂದರೆ ಸಾಕು, ಕಸ್ತೂರಿ ಯಾರಿಗಾದರೂ ಹಾಲು ಕೊಡುತ್ತದೆ, ತಾನು ಮಿರಜದ ಟಾಂಗಾ ಹತ್ತಬಹುದು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಮಠಕ್ಕೆ ಹೋದ ಎಂಟು ವರ್ಷದ ಹಾಲು ಅತ್ತೆಯ ಕಣ್ಣಿಗೆ ಎಂಟು ವರ್ಷದ ಪಾಪವಾಗುತ್ತದೆ. ಮನೆಯಲ್ಲಿ ತನಗಿರುವುದು ಅದೊಂದೇ ಬೆಲೆ, ಅದೂ ಹೋಗುತ್ತದೆ. ಹೇಳದಿದ್ದರೆ ಅವ್ವ ಕಣ್ಣು ಕಟ್ಟಿಸಿಕೊಂಡು ಒಬ್ಬಳೇ ಬಿದ್ದಿರುತ್ತಾಳೆ, ನಿದ್ದೆಗಣ್ಣಲ್ಲಿ ಒಮ್ಮೆ ತಲೆ ಹೊರಳಿಸಿದರೆ ಮುಗಿಯಿತು. ಅತ್ತ ದರಿ, ಇತ್ತ ಪುಲಿ.

ಬುಧವಾರ ಮುಂಜಾನೆ ಸರುಬಾಯಿಯೂ ಬುತ್ತಿ ಕಟ್ಟಿಕೊಂಡು ಪ್ರದರ್ಶನಕ್ಕೆ ಬಂದಳು. ಗೋಣಿತಟ್ಟು ಬಿಚ್ಚಿಹಾಕಿದ್ದರು. ಕಸ್ತೂರಿಯ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಕೃಷ್ಣವ್ವನ ಬಲಗೈ ಊದಿ ಬಳೆ ಚರ್ಮದೊಳಗೆ ಕೂತಿತ್ತು. ಅದನ್ನು ನೋಡಿ ಡಾಕ್ಟರರು, "ಬ್ಯಾಡ್ರಿ ಬಾಯಾರ, ಹುಡುಗರೇ ನೋಡ್ಲಿ" ಎಂದರು. ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕೆಚ್ಚಲಿಗೆ ಬಿಸಿನೀರು ಹಾಕಿದರು, ಹತ್ತಿಕಾಳು ತಿನ್ನಿಸಿದರು, ಕೊರಳು ತುರಿಸಿದರು. ಈಚೆ ಮಗ್ಗುಲಿಗೆ ಕೂತವರನ್ನೆಲ್ಲ ಕಸ್ತೂರಿ ಒಂದೇ ನ್ಯಾಯದಿಂದ ಒದ್ದು ಎಬ್ಬಿಸಿತು. ಕೃಷ್ಣವ್ವ ಸೂರ್ಯನನ್ನು ನೋಡಿದಳು. ಇಷ್ಟೊತ್ತಿಗೆ ಅವ್ವನನ್ನು ಒಳಗೆ ಒಯ್ದಿರುತ್ತಾರೆ.

ತಂಗೆವ್ವನ ಸರದಿ ಬಂದಾಗ ಈಚೆ ಕಡೆ ಹುಡುಗರು ಗುಂಪುಗೂಡಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ಕಸ್ತೂರಿಯ ಮೋರೆಯ ಮುಂದಿನಿಂದ ಸುತ್ತಿ ಆಚೆ ಮಗ್ಗುಲಿಗೆ ಹೋಗಿ ಕೂತಳು. ಆ ಕಡೆಯಿಂದ ಮೊದಲು ಮುಂದೆ ಹೋಗುವುದು ಅವಳ ಎಡಗೈ. ಹೋಯಿತು. ಕಸ್ತೂರಿ ಕಿವಿ ಅಲುಗಿಸಿತು, ಉಸಿರು ಬಿಟ್ಟಿತು, ಸುಮ್ಮನೆ ನಿಂತಿತು. ಚರಿಗೆಯ ತಳಕ್ಕೆ ಹಾಲು ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು.

"ಶಾಬಾಸ್!" ಎಂದರು ಡಾಕ್ಟರರು. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಳಪ್ಪ ಹೆಂಡತಿಯ ಕಡೆ ತಿರುಗಿ, "ನಡಿ ಇನ್ನ, ಟಾಂಗಾ ತರತೇನಿ" ಎಂದ. ಕೃಷ್ಣವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಬಾಯಿ ಬಿಡಬೇಕಾಗಿಯೇ ಇಲ್ಲ! ಒಂದು ಗಳಿಗೆ, ಬರೀ ಒಂದು ಗಳಿಗೆ, ಅವಳು ಹಾಗೆಂದುಕೊಂಡಳು.

ಅಷ್ಟರಲ್ಲಿ ಸರುಬಾಯಿ ಹುಡುಗರನ್ನು ನೂಕಿಕೊಂಡು ಹೋಗಿ ಮೊಮ್ಮಗಳ ಎಡ ಮುಂಗೈ ಹಿಡಿದೆಳೆದಳು. ಚರಿಗೆ ಉರುಳಿತು. "ಮಠಕ್ಕ ಹೋಗೂ ಹಾಲಿಗೆ ಈ ಕೈ ಹಾಕ್ತೀ? ಮಂದಿ ಮುಂದ ಮರ್ಯಾದಿ ಕಳದೆಲ್ಲ! ನಡಿ ಮನೀಗೆ, ಇವತ್ತ ದಬ್ಬಣ ಕಾಸೇ ಕಾಸತೇನಿ."

ತಂಗೆವ್ವ ಅಳಲಿಲ್ಲ. ಅವ್ವನ ಮುಖ ನೋಡಿದಳು. ಆ ಕೈಗೆ ಆ ಅವ್ವನೇ ಎಷ್ಟು ಸಲ ಹೊಡೆದಿದ್ದಳು! ಕೃಷ್ಣವ್ವನಿಗೆ ಹೆಬ್ಬೆರಳ ಬುಡದ ಹಳೆಯ ಬರೆ ಇದೀಗ ಸುಟ್ಟಂತೆ ಉರಿಯಿತು. ಈಗ ಸುಮ್ಮನಿದ್ದರೆ ಟಾಂಗಾ ಸಿಗುತ್ತದೆ, ಅವ್ವ ಸಿಗುತ್ತಾಳೆ, ಮಾನವೂ ಉಳಿಯುತ್ತದೆ. ಮಗಳ ಕೈ ಮಾತ್ರ ಹೋಗುತ್ತದೆ.

"ಅತ್ತಿ, ಅಕಿ ಕೈ ಬಿಡ್ರಿ" ಎಂದಳು. "ಎಂಟ ವರ್ಷದಿಂದ ನಾನೂ ಆ ಮಗ್ಗಲಿಗೇ ಕುಂತೇನಿ. ಇದ ಕೈಲೇ ಹಿಂಡೇನಿ." ಎಡಗೈ ಎತ್ತಿ ಹಿಡಿದಳು. ಐವತ್ತು ಮಂದಿಯ ಮುಂದೆ ಆ ಕೈ ಅಷ್ಟು ಮೇಲಕ್ಕೆ ಹೋದದ್ದು ಅದೇ ಮೊದಲು.

ಸರುಬಾಯಿ ಉರುಳಿದ ಚರಿಗೆಯ ಕಡೆ ನೋಡಿದಳು. "ಮಠಕ್ಕ ಕಳಿಸಿದ್ದು... ಎಡಗೈ ಹಾಲು?"

"ಹೌದರಿ."

"ಸ್ವಾಮಿಗಳ ಪೂಜಿಗೆ?"

"ಅತ್ತಿ, ದಿನಾ ಲಿಂಗ ಯಾವ ಕೈಯಾಗ ಕೂಡ್ರಿಸ್ಕೋತೀರಿ?"

ಸರುಬಾಯಿಯ ಕೈ ಕೊರಳ ಲಿಂಗಕ್ಕೆ ಹೋಯಿತು. ಅರವತ್ತು ವರ್ಷದ ಪೂಜೆ. ಪ್ರತಿದಿನವೂ ಎಡ ಅಂಗೈಯಲ್ಲೇ. "ಪೂಜಿ ಮಾಡೂದು ಬಲಗೈ" ಎಂದಳು.

"ಹೊರೂದು ಎಡಗೈ ಅಲ್ರಿ."

ಸರುಬಾಯಿಯ ಹಿಡಿತ ಸಡಿಲಾಯಿತು. ಆದರೆ ಅತ್ತೆ ಅತ್ತೆಯೇ. ಸೊಸೆಯನ್ನು ಮೇಲಿಂದ ಕೆಳಗಿನ ತನಕ ಹೊಸಬಳನ್ನು ನೋಡುವಂತೆ ನೋಡಿದಳು. "ಹಂಗಾದ್ರ ಕೈಗುಣ ಅಂದದ್ದೆಲ್ಲಾ ಸುಳ್ಳ. ಬರೇ ಒಂದ ಸಂದಿ. ಹೋಗವ್ವಾ, ಎಲ್ಲಿಗೆ ಬೇಕಾದಲ್ಲಿ ಹೋಗು. ಇನ್ನ ನೀ ಇದ್ರೇನು, ಬಿಟ್ರೇನು? ಹಿಂಡಾಕ ಹುಡುಗಿ ಅದಾಳ."

ಅಂಜಿದ್ದ ಮಾತು ಬಂದೇ ಬಂತು. ಹಗ್ಗ ಬಿಚ್ಚಿತ್ತು, ಬಿಚ್ಚಿದ ಹಗ್ಗ ಮಗಳ ಕೊರಳನ್ನು ಹುಡುಕುತ್ತಿತ್ತು. ಇದಕ್ಕೆ ಮಾತ್ರ ಕೃಷ್ಣವ್ವ ಒಪ್ಪಲು ತಯಾರಿರಲಿಲ್ಲ. ಗಂಡನ ಕಡೆ ತಿರುಗಿದಳು. "ಅಕಿ ಸಾಲಿಗೆ ಹೋಗಾಕಿ. ನೀವ ಕುಂದ್ರಿ, ಆ ಮಗ್ಗಲಿಗೆ. ನಾ ಇಲ್ಲೇ ಇರತನಾ ಕಲೀರಿ."

"ನಾನ?" ಎಂದ ಬಾಳಪ್ಪ. ಡಾಕ್ಟರರು ನಕ್ಕರು. "ಕುಂದ್ರಿ ಬಾಳಪ್ಪ. ಎಮ್ಮಿಗೆ ಯಾವ ಗುಣಾನೂ ಗೊತ್ತಿಲ್ಲ, ರೂಢಿ ಒಂದ ಗೊತ್ತು. ಹುಡುಗರ್ಯಾ, ಎಲ್ಲಾರೂ ಈ ಕಡೆ ಬರ್ರಿ!"

ಹದಿನೈದು ಮಕ್ಕಳ ವರ್ಗದಲ್ಲಿ ಹದಿನಾರನೆಯವನಾಗಿ ಬಾಳಪ್ಪ ಧೋತರ ಮೇಲೆ ಕಟ್ಟಿ ಆಚೆ ಮಗ್ಗುಲಿಗೆ ಕೂತ. ಎರಡು ಸಲ ಒದೆ ಬಿತ್ತು. ಮೂರನೆಯ ಸಲ, ತಂಗೆವ್ವ ಪಕ್ಕದಲ್ಲಿ ಕೂತು ಅಪ್ಪನ ಎಡಗೈ ಹಿಡಿದು ಹೇಗೆಂದು ತೋರಿಸಿದ ಮೇಲೆ, ಅರ್ಧ ಚರಿಗೆ ಹಾಲಾಯಿತು. ಸರುಬಾಯಿ ನೋಡಲಿಲ್ಲ. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ತಿರುಗಿಸಿ ಕೂತಿದ್ದಳು. ಹೊರಡುವಾಗ ಕೃಷ್ಣವ್ವ ಅವಳ ಕಾಲು ಮುಟ್ಟಿದಳು. ಆ ಕಾಲು ಹಿಂದೆ ಸರಿಯಲಿಲ್ಲ, ತಲೆಯ ಮೇಲೆ ಕೈಯೂ ಬರಲಿಲ್ಲ. ಎಂಟು ದಿನದ ಮೇಲೆ ತಿರುಗಿ ಬಂದಾಗ ಆ ಮನೆ ತನ್ನನ್ನು ಹೇಗೆ ಕಾಣುತ್ತದೆಂದು ಕೃಷ್ಣವ್ವನಿಗೆ ಗೊತ್ತಿರಲಿಲ್ಲ. ಟಾಂಗಾ ಮಿರಜದ ಹಾದಿ ಹಿಡಿದಾಗ ಅವಳಿಗೆ ಸಂತೋಷವೂ ಆಯಿತು, ಭಯವೂ ಆಯಿತು.

ದವಾಖಾನೆಯ ಬಾಗಿಲಲ್ಲಿ ಕಾಡಪ್ಪ ಕಾಯುತ್ತಿದ್ದ. "ಆಪರೇಶನ್ ಆತು, ಛಲೋ ಆಗೇತಿ ಅಂದ್ರು. ಗಂಜಿ ಕುಡಸು ಅಂದಾರ, ಮೆ‌ತ್ತನ ಅನ್ನಾ ಕೊಟ್ರೂ ನಡೀತೇತಿ. ತಲಿ ಅಳ್ಳಾಡಬಾರದು ಅಷ್ಟ" ಎಂದು ಅನ್ನದ ಬಟ್ಟಲನ್ನು ಅವಳ ಕೈಗಿತ್ತ.

ಸಂಗವ್ವ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು, ತಲೆಯ ಎರಡೂ ಕಡೆ ಉಸುಕಿನ ಚೀಲಗಳ ನಡುವೆ ಮಲಗಿದ್ದಳು. ಹೊರಳುವಂತಿಲ್ಲ, ಏಳುವಂತಿಲ್ಲ. ಕೃಷ್ಣವ್ವನಿಗೆ ತನ್ನ ಗೋಡೆಯ ಸಂದಿ ನೆನಪಾಯಿತು. ಪಕ್ಕದಲ್ಲಿ ಕೂತು, "ಯವ್ವಾ, ಬಂದೇನಿ" ಎಂದಳು.

"ಎಮ್ಮಿ?" ಎಂದಳು ತಾಯಿ. ಮೊದಲು ಕೇಳಿದ್ದು ಅದನ್ನೇ.

"ಅವರು ಹಿಂಡತಾರ. ನಾ ಎಂಟೂ ದಿನ ಇರತೇನಿ. ಬಾಯಿ ತಗೀ, ಉಣಸತೇನಿ."

ಊದಿದ ಬಲಗೈ ಬಟ್ಟಲು ಹಿಡಿಯುವುದಕ್ಕೇ ಒಲ್ಲೆನ್ನುತ್ತಿತ್ತು. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಅನ್ನ ಕಿವುಚಿ ತಾಯಿಯ ಬಾಯಿಗಿಟ್ಟಳು. ಸಂಗವ್ವ ನುಂಗಿದಳು. ಎರಡನೆಯ ತುತ್ತಿಗೆ ತಡವರಿಸಿ ಆ ಕೈಯನ್ನು ಹಿಡಿದಳು. ಅವಳ ಬೆರಳು ಮಗಳ ಹೆಬ್ಬೆರಳ ಬುಡಕ್ಕೆ ಹೋಯಿತು, ಬರೆಯ ಮೇಲೆ ನಿಂತಿತು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಸರಿಯಿತು. ಕೃಷ್ಣವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೈಯುತ್ತಾಳೆಂದು ಕಾದಳು.

"ಭಾಳ ಸುಟ್ಟಿತ್ತೇನ ಅವತ್ತ?" ಎಂದಳು ಸಂಗವ್ವ.

"ಹೂಂ, ಯವ್ವಾ."

ಪಟ್ಟಿಯೊಳಗಿನ ಕಣ್ಣಿಗೆ ಅಳುವ ಅಪ್ಪಣೆ ಇರಲಿಲ್ಲ. ಮುದುಕಿ ಆ ಕೈಯನ್ನು ಬಿಡದೆ ಹಿಡಿದುಕೊಂಡೇ ಬಾಯಿ ತೆರೆದಳು.

"ಇನ್ನೊಂದ ತುತ್ತ ಹಾಕು."